ಜೂನ್ 5ರ ಸಸಿ ಯಾಕೆ ಉಳಿಯುವುದಿಲ್ಲ?

ಪ್ರಶ್ನೆ: ನಮ್ಮ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪ್ರತಿ ವರ್ಷ ವಿಶ್ವ ಪರಿಸರ ದಿನಕ್ಕೆ ಐವತ್ತು ಸಸಿ ನೆಡುತ್ತೇವೆ. ಮರುವರ್ಷಕ್ಕೆ ಎರಡೋ ಮೂರೋ ಉಳಿದರೆ ಹೆಚ್ಚು. ಎಲ್ಲಿ ತಪ್ಪುತ್ತಿದ್ದೇವೆ?
– ಮುಖ್ಯ ಶಿಕ್ಷಕರು, ಹಿರಿಯೂರು ತಾಲ್ಲೂಕು

ಉತ್ತರ: ಮೊದಲ ತಪ್ಪು ತಾರೀಖಿನದು. ಜೂನ್ 5 ವಿಶ್ವಸಂಸ್ಥೆ 1972ರಲ್ಲಿ ಗೊತ್ತುಮಾಡಿದ ದಿನ, ಹಿರಿಯೂರಿನ ಮಳೆ ನೋಡಿ ಇಟ್ಟ ಮುಹೂರ್ತವಲ್ಲ. ಕರಾವಳಿ, ಮಲೆನಾಡಿನಲ್ಲಿ ಜೂನ್‌ನಲ್ಲಿ ನೆಟ್ಟರೆ ನಡೆಯುತ್ತದೆ. ನಿಮ್ಮ ಕಡೆ ಜೂನ್, ಜುಲೈಯಲ್ಲಿ ಮಳೆಗಿಂತ ಗಾಳಿಯೇ ಜೋರು. ನೆಚ್ಚಬಹುದಾದ ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಆದ್ದರಿಂದ ಜೂನ್ 5ಕ್ಕೆ ಗುಂಡಿ ತೋಡಿಸಿ, ಆಗಸ್ಟ್ ಕೊನೆಯಲ್ಲಿ ನೆಲ ಹದವಾಗಿ ನೆನೆದ ಮೇಲೆ ಸಸಿ ಇಡಿ. ಫೋಟೊ ಬೇಕೇಬೇಕೆಂದರೆ ಗುಂಡಿಯ ಪಕ್ಕ ನಿಂತು ತೆಗೆಸಿಕೊಳ್ಳಲು ಅಡ್ಡಿಯಿಲ್ಲ.

ಗುಂಡಿ ಉದ್ದ, ಅಗಲ, ಆಳ ಎರಡೆರಡು ಅಡಿ ಇರಲಿ. ಮೇಲ್ಮಣ್ಣನ್ನು ಬೇರೆ ರಾಶಿ ಹಾಕಿಸಿ. ಹದಿನೈದು ದಿನ ಬಿಸಿಲು ತಿಂದ ಮೇಲೆ ಆ ಮೇಲ್ಮಣ್ಣಿಗೆ ಎರಡು ಬುಟ್ಟಿ ಗೊಬ್ಬರ, 200 ಗ್ರಾಂ ಬೇವಿನ ಹಿಂಡಿ ಬೆರೆಸಿ ತುಂಬಿ, ಗುರುತಿಗೆ ಒಂದು ಗೂಟ ನೆಡಿ. ಅಲ್ಲಿಯವರೆಗೆ ಸುತ್ತ ಮುಳ್ಳು ಹಾಕಿಡಿ, ಆಟವಾಡುವ ಮಕ್ಕಳು ಬೀಳಬಾರದು. ಗೊಬ್ಬರ ಪೂರ್ತಿ ಕಳಿತಿರಬೇಕು. ಹಸಿ ಸಗಣಿ ಹಾಕಿದರೆ ಗೆದ್ದಲನ್ನು ಕರೆದು ಕೂರಿಸಿದಂತೆ.

ನರ್ಸರಿಯಲ್ಲಿ 5×8 ಇಂಚಿನ ಸಣ್ಣ ಚೀಲದ ಸಸಿ ಸುಲಭವಾಗಿ ಸಿಗುತ್ತದೆ, ಆದರೆ ತೀರಾ ಚಿಕ್ಕದಿರುತ್ತದೆ. 8×12 ಇಂಚಿನ ಚೀಲದ್ದು, ಮೂರಡಿ ಬೆಳೆದದ್ದು ಕೇಳಿ. ಹೊಂಗೆ, ಬೇವು, ಹುಣಸೆ, ನೆಲ್ಲಿ ನಿಮ್ಮ ನೆಲಕ್ಕೆ ಒಗ್ಗುತ್ತವೆ. ಗುಲ್‌ಮೊಹರ್ ಬೇಗ ನೆರಳು ಕೊಡುತ್ತದೆ ನಿಜ, ಗಾಳಿಗೆ ಕೊಂಬೆಯೂ ಅಷ್ಟೇ ಬೇಗ ಮುರಿಯುತ್ತದೆ. ತರಗತಿ ಕೋಣೆಯ ಹತ್ತಿರ ಬೇಡ. ನೆಡುವಾಗ ಪ್ಲಾಸ್ಟಿಕ್ ಚೀಲ ಸೀಳಿ ತೆಗೆಯಲೇಬೇಕು. ಭಾಷಣದ ಗಡಿಬಿಡಿಯಲ್ಲಿ ಚೀಲದ ಸಮೇತ ನೆಟ್ಟ ಸಸಿಯ ಬೇರು ಒಳಗೇ ಸುತ್ತಿಕೊಂಡು ಉಸಿರುಗಟ್ಟುತ್ತದೆ. ಆಸರೆ ಕೋಲಿಗೆ ಹಳೆ ಬಟ್ಟೆಯಿಂದ ಸಡಿಲವಾಗಿ ಕಟ್ಟಿ. ತಂತಿ ಕಾಂಡವನ್ನು ಕೊಯ್ಯುತ್ತದೆ.

ಇನ್ನು ನೀರು. ಬೇಸಿಗೆಯಲ್ಲಿ ಸಸಿಗೆ ವಾರಕ್ಕೆರಡು ಸಲ ಹತ್ತು ಹತ್ತು ಲೀಟರ್ ಎಂದರೆ ಐವತ್ತಕ್ಕೆ ಸಾವಿರ ಲೀಟರ್. ಇದು ಶಾಲೆಯಿಂದ ಆಗುವ ಕೆಲಸವಲ್ಲ. ಹತ್ತು ಸಸಿ ಸಾಕು. ಬಿಸಿಯೂಟದ ಅಕ್ಕಿ, ತರಕಾರಿ ತೊಳೆದ ನೀರನ್ನು ಪಾತಿಗೆ ಬಿಡಿ, ಸೋಪಿನ ನೀರು ಬೇಡ. ಸಸಿಯ ಹೊಣೆ ಏಳನೆಯವರಿಗೆ ಕೊಟ್ಟರೆ ಅವರು ಬೇಸಿಗೆಗೆ ಶಾಲೆ ಬಿಟ್ಟು ಹೋಗುತ್ತಾರೆ, ಐದನೆಯವರಿಗೆ ಕೊಡಿ. ಏಪ್ರಿಲ್, ಮೇ ರಜೆಗೆ ಶಾಲೆಯ ಪಕ್ಕದ ಮನೆಗಳ ಮಕ್ಕಳನ್ನು ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲೇ ಗೊತ್ತುಮಾಡಿ. ಹೆಚ್ಚಿನ ಸಸಿ ಸಾಯುವುದು ಈ ಎರಡು ತಿಂಗಳಲ್ಲೇ.

ಪ್ರಶ್ನೆ: ಫೆಬ್ರುವರಿಯಲ್ಲೇ ಮಕ್ಕಳಿಂದ ಬೇವಿನ ಬೀಜದುಂಡೆ ಮಾಡಿಸಿಟ್ಟು ಜೂನ್‌ನಲ್ಲಿ ಗುಡ್ಡಕ್ಕೆ ಎಸೆದೆವು. ಒಂದೂ ಮೊಳೆಯಲಿಲ್ಲ.
– ವಿಜ್ಞಾನ ಶಿಕ್ಷಕಿ, ತುಮಕೂರು

ಉತ್ತರ: ಬೇವಿನ ಬೀಜಕ್ಕೆ ಕೆಲವೇ ವಾರಗಳ ಆಯುಸ್ಸು. ಹಣ್ಣು ಉದುರುವುದು ಜೂನ್, ಜುಲೈಯಲ್ಲಿ. ಫೆಬ್ರುವರಿಯಲ್ಲಿ ನಿಮ್ಮ ಕೈಯಲ್ಲಿದ್ದದ್ದು ಹಿಂದಿನ ವರ್ಷದ ಸತ್ತ ಬೀಜ. ಮೊದಲೇ ಮಾಡಿಡಬೇಕಿದ್ದರೆ ಹುಣಸೆ ಅಥವಾ ಸೀತಾಫಲದ್ದು ಬಳಸಿ. ಮೂರು ಪಾಲು ಜಿಗುಟು ಕೆಂಪುಮಣ್ಣು, ಒಂದು ಪಾಲು ಜರಡಿ ಹಿಡಿದ ಗೊಬ್ಬರ, ನಿಂಬೆಹಣ್ಣಿನ ಗಾತ್ರ, ನೆರಳಲ್ಲಿ ಮೂರು ದಿನ ಒಣಗಿಸಿದರೆ ಆಯಿತು. ಎಸೆಯುವ ಮುಂಚೆ ಇಪ್ಪತ್ತು ಉಂಡೆ ತಟ್ಟೆಯಲ್ಲಿಟ್ಟು ನೀರು ಚಿಮುಕಿಸುತ್ತಾ ಎಷ್ಟು ಮೊಳೆಯುತ್ತವೆ ಎಂದು ಮಕ್ಕಳೇ ಎಣಿಸಲಿ. ಎಸೆಯುವುದಕ್ಕಿಂತ ಈ ಎಣಿಕೆಯಲ್ಲೇ ಪಾಠ ಹೆಚ್ಚು.

ಪ್ರಶ್ನೆ: ನಮ್ಮದು ಯುವಕ ಸಂಘ. ಮಕ್ಕಳ ಜೊತೆ ಪರಿಸರ ದಿನ ಮಾಡೋಣವೆಂದರೆ ಶಾಲೆಯವರು ‘ಸಮಯವಿಲ್ಲ’ ಎನ್ನುತ್ತಾರೆ. ಹೇಗೆ ಒಪ್ಪಿಸುವುದು?
– ಓದುಗರೊಬ್ಬರು, ಗದಗ

ಉತ್ತರ: ಹಿಂದಿನ ದಿನ ಹೋಗಿ ಕೇಳಿದರೆ ಯಾರೂ ಒಪ್ಪುವುದಿಲ್ಲ. ಜೂನ್ 5ರ ಕೆಲಸಕ್ಕೆ ಬೇಸಿಗೆ ರಜೆಗೆ ಮುಂಚೆಯೇ, ಮುಖ್ಯ ಶಿಕ್ಷಕರಿಗೂ ಎಸ್‌ಡಿಎಂಸಿ ಅಧ್ಯಕ್ಷರಿಗೂ ಒಂದೇ ಪುಟದ ಪತ್ರ ಕೊಡಿ. ಇಡೀ ದಿನ ಕೇಳಬೇಡಿ. ಆರನೇ ತರಗತಿಯ ಎರಡು ಪೀರಿಯಡ್ ಸಾಕು. ಜಾಥಾ ಬಿಟ್ಟು ಕಸ ತೂಗಿಸಿ: ಐದು ದಿನ ಶಾಲೆಯ ಕಸವನ್ನು ಹಾಲಿನ ಕವರ್, ತಿಂಡಿ ಪೊಟ್ಟಣ, ಕಾಗದ, ಪೆನ್ನು ಎಂದು ನಾಲ್ಕು ಚೀಲಕ್ಕೆ ಬೇರ್ಪಡಿಸಿ, ತೂಕವನ್ನು ಬೋರ್ಡಿನ ಮೇಲೆ ಬರೆಸಿ. ತೊಳೆದು ಒಣಗಿಸಿದ ಹಾಲಿನ ಕವರ್ ಗುಜರಿಯವರು ಕೊಳ್ಳುತ್ತಾರೆ; ಒಳಗೆ ಬೆಳ್ಳಿಬಣ್ಣವಿರುವ ಚಿಪ್ಸ್ ಪೊಟ್ಟಣ ಮುಟ್ಟುವುದಿಲ್ಲ. ಹುಟ್ಟುಹಬ್ಬಕ್ಕೆ ಚಾಕೊಲೇಟ್ ಬದಲು ಡಬ್ಬಿಯಲ್ಲಿ ತಂದ ಕಡಲೆ ಮಿಠಾಯಿ ಹಂಚೋಣ ಎಂಬ ಮಾತು ಆಗ ಮಕ್ಕಳ ಕಡೆಯಿಂದಲೇ ಬರಬಹುದು. ಏಪ್ರಿಲ್ 22ರ ಭೂಮಿ ದಿನ ಬೇಸಿಗೆ ರಜೆಯಲ್ಲಿ ಬರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಫೆಬ್ರುವರಿ 2ರ ಜೌಗು ಪ್ರದೇಶ ದಿನ ಒಳ್ಳೆಯದು. ಆಗ ಕೆರೆಗಳಲ್ಲಿ ವಲಸೆ ಹಕ್ಕಿಗಳಿರುತ್ತವೆ, ಪರೀಕ್ಷೆ ಇನ್ನೂ ದೂರವಿರುತ್ತದೆ. ಕೆರೆಗೆ ಕರೆದೊಯ್ಯುವಾಗ ಹತ್ತು ಮಕ್ಕಳಿಗೊಬ್ಬ ದೊಡ್ಡವರು ಜೊತೆಗಿರಬೇಕು, ಪೋಷಕರ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ.