ಸ್ಟೆಬಿಲೈಸೇಷನ್ ಆನ್ ಇದ್ದರೂ ಹಕ್ಕಿ ಮಸುಕಾಗುವುದೇಕೆ?

ಮಾನ್ಯರೇ, ರಂಗನತಿಟ್ಟಿನ ದೋಣಿಯಲ್ಲಿ ಕುಳಿತು 300 ಎಂಎಂ ಲೆನ್ಸಿನಿಂದ 1/125 ಸೆಕೆಂಡಿನಲ್ಲಿ ತೆಗೆದ ಬಣ್ಣದ ಕೊಕ್ಕರೆಗಳ ಚಿತ್ರಗಳು, ಸ್ಟೆಬಿಲೈಸೇಷನ್ (ನಡುಕ ತಡೆಯುವ ಏರ್ಪಾಡು) ಆನ್ ಇದ್ದರೂ ಏಕೆ ಮಸುಕಾದವು ಎಂದು ಕೇಳಿದ್ದೀರಿ. ಲೆನ್ಸಿನಲ್ಲಿ ದೋಷವಿದೆಯೆಂದು ನನಗೆ ತೋರುವುದಿಲ್ಲ. ಅದರೊಳಗಿನ ಗೈರೊ ಸೆನ್ಸರುಗಳು ಕೈಯ ನಡುಕವನ್ನು ಅಳೆಯುತ್ತವೆ; ಆ ಅಳತೆಗೆ ತಕ್ಕಂತೆ ಗಾಜಿನ ಒಂದು ಗುಂಪು ವಿರುದ್ಧ ದಿಕ್ಕಿಗೆ ಸರಿದು ಚಿತ್ರವನ್ನು ನಿಲ್ಲಿಸುತ್ತದೆ. ಆದರೆ ಹಕ್ಕಿಯೇ ಕತ್ತು ತಿರುಗಿಸಿದರೆ ಈ ಏರ್ಪಾಡು ಏನೂ ಮಾಡಲಾರದು.

ನಿಮ್ಮ ಎಪಿಎಸ್-ಸಿ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾದಲ್ಲಿ, ಹಳೆಯ ರೂಢಿಯ ಲೆಕ್ಕದಂತೆ (1ನ್ನು ಲೆನ್ಸಿನ ಎಂಎಂನಿಂದ ಭಾಗಿಸಿ, ಚಿಕ್ಕ ಸೆನ್ಸರಿಗಾಗಿ ಸುಮಾರು ಒಂದೂವರೆ ಪಟ್ಟು ವೇಗ ಹೆಚ್ಚಿಸುವುದು), ಸ್ಟೆಬಿಲೈಸೇಷನ್ ಇಲ್ಲದೆ ಕೈಯಲ್ಲಿ ಹಿಡಿದು ತೆಗೆಯಲು ಸುಮಾರು 1/500 ಸೆಕೆಂಡಿನ ಶಟರ್ ವೇಗ ಬೇಕು. ಸ್ಟೆಬಿಲೈಸೇಷನ್ನಿನಿಂದ ನಾಲ್ಕು ಸ್ಟಾಪ್ (ಒಂದೊಂದು ಸ್ಟಾಪಿಗೂ ಶಟರ್ ಸಮಯ ಇಮ್ಮಡಿ) ನೆರವು ಸಿಕ್ಕರೆ ಕಾಗದದ ಮೇಲೆ 1/30 ಸಾಕೆಂದಾಗುತ್ತದೆ. ಅದು ಬಂಡೆಯ ಮೇಲೆ ಮಲಗಿದ ಮೊಸಳೆಗೆ ಸರಿ, ಅದೂ ನೀವು ಗಟ್ಟಿ ನೆಲದ ಮೇಲೆ ನಿಂತಿದ್ದರೆ. ಓಲಾಡುವ ದೋಣಿಯಿಂದ ತೆಗೆಯುವಾಗ, ಸುಮ್ಮನೆ ಕುಳಿತ ಹಕ್ಕಿಗೂ 1/500ಕ್ಕಿಂತ ಕೆಳಗಿಳಿಯಬೇಡಿ, ಹಾರುವ ಹಕ್ಕಿಗೆ 1/2000ರ ಆಸುಪಾಸು ಇರಲಿ. ಇದರಿಂದ ಬೆಳಕಿನ ಸಂವೇದನೆಯ ಅಳತೆಯಾದ ಐಎಸ್‌ಒ 1600ಕ್ಕೆ ಏರಿದರೂ ಅಳುಕಬೇಕಿಲ್ಲ, ಏಕೆಂದರೆ ಅದರಿಂದ ಚಿತ್ರದಲ್ಲಿ ಮೂಡುವ ಕಾಳುಕಾಳು ಚುಕ್ಕೆಗಳನ್ನು (ನಾಯ್ಸ್) ಆಮೇಲೆ ತಗ್ಗಿಸಬಹುದು, ಅಲುಗಿದ ಚಿತ್ರವನ್ನು ನೆಟ್ಟಗೆ ಮಾಡುವುದು ಬಹಳ ಕಷ್ಟ.

ಶಟರ್ ಗುಂಡಿಯನ್ನು ಅರ್ಧ ಒತ್ತಿ, ವ್ಯೂಫೈಂಡರಿನಲ್ಲಿ ಚಿತ್ರ ನೆಲೆನಿಂತದ್ದನ್ನು ಕಂಡ ಮೇಲೆಯೇ ಪೂರ್ತಿ ಒತ್ತಿರಿ. ಅವಸರದಲ್ಲಿ ನಾನೂ ಇದನ್ನು ಎಷ್ಟೋ ಸಲ ಮರೆತಿದ್ದೇನೆ. ಅಡ್ಡಲಾಗಿ ಹಾರುವ ಹಕ್ಕಿಯನ್ನು ಹಿಂಬಾಲಿಸುವಾಗ, ನಿಮ್ಮದು ಕ್ಯಾನನ್ ಲೆನ್ಸಾಗಿದ್ದು ಅದರಲ್ಲಿ ಮೋಡ್ 2 (ಹಿಂಬಾಲಿಸುವ ದಿಕ್ಕಿನ ಚಲನೆಯನ್ನು ಬಿಟ್ಟು ಉಳಿದ ನಡುಕವನ್ನಷ್ಟೇ ತಡೆಯುವ ಆಯ್ಕೆ) ಇದ್ದರೆ, ಅದನ್ನೇ ಆರಿಸಿಕೊಳ್ಳಿ.