ಹೊಳೆಯುವ ಔಷಧ ಇದ್ದರೆ ಸ್ಕ್ಯಾನ್ ಬೇಡವೇ?

ಪ್ರಶ್ನೆ: ಕ್ಯಾನ್ಸರ್ ಗಡ್ಡೆಯನ್ನೇ ಹೊಳೆಯುವಂತೆ ಮಾಡುವ ಔಷಧ ಬಂದಿದೆಯಂತೆ. ಅದನ್ನು ತೆಗೆದುಕೊಂಡರೆ ಸಿಟಿ, ಎಂಆರ್‌ಐ ಯಾಕೆ ಬೇಕು?

ಬೇಕು. ಈ ಪ್ರಶ್ನೆ ಕೇಳುವವರು ಹೊಳೆಯುವ ಇಲಿಯ ಫೋಟೋ ಒಂದನ್ನು ಜೊತೆಗೆ ಕಳಿಸಿಯೇ ಇರುತ್ತಾರೆ. ಇಲಿಯ ಮೈ ಎಷ್ಟು ತೆಳ್ಳಗಿರುತ್ತದೆ ಎಂದು ಯಾರೂ ಯೋಚಿಸುವುದಿಲ್ಲ. ಅದರ ಒಳಗಿನ ಬೆಳಕು ಚರ್ಮ ದಾಟಿ ಕ್ಯಾಮೆರಾ ತಲುಪುತ್ತದೆ. ಮನುಷ್ಯನ ಲಿವರ್‌ನ ಆಳದಿಂದ ಹಾಗೆ ಬರುವುದಿಲ್ಲ. ರಕ್ತ ಬೆಳಕನ್ನು ನುಂಗುತ್ತದೆ, ಅಂಗಾಂಶ ಚದುರಿಸುತ್ತದೆ. 700ರಿಂದ 900 ನ್ಯಾನೋಮೀಟರ್‌ವರೆಗಿನ ಅಲೆಯುದ್ದದ ಬೆಳಕು ಸ್ವಲ್ಪ ಜಾಸ್ತಿ ದೂರ ಹೋಗುತ್ತದೆ, ನಿಜ. ಇಂಡೋಸಯನೀನ್ ಗ್ರೀನ್ ಎಂಬ ಚುಚ್ಚುವ ಬಣ್ಣ ಹೊಳೆಯುವುದು ಆ ವ್ಯಾಪ್ತಿಯಲ್ಲೇ. ಆದರೂ ಕೆಲವು ಸೆಂಟಿಮೀಟರ್ ಆಳದ ಗಡ್ಡೆಯ ಅಂಚು ಹೊರಗಿನಿಂದ ಸ್ಪಷ್ಟವಾಗಿ ಕಾಣದು.

ಈ ಹೊಳೆಯುವ ಔಷಧಗಳ ನಿಜವಾದ ಜಾಗ ಆಪರೇಷನ್ ಟೇಬಲ್. ಮೆದುಳಿನ ಗ್ಲಿಯೋಮಾ ಎಂಬ ಗಡ್ಡೆ ತೆಗೆಯುವಾಗ, ಅರಿವಳಿಕೆಗೆ ಸುಮಾರು 3 ಗಂಟೆ ಮೊದಲು 5-ಎಎಲ್ಎ ಎಂಬ ಔಷಧ ಕುಡಿಸುತ್ತಾರೆ. ಗಡ್ಡೆಯ ಕೋಶಗಳಲ್ಲಿ ಅದು ಪ್ರೋಟೋಪಾರ್ಫಿರಿನ್ ಎಂಬ ಹೊಳೆಯುವ ವಸ್ತು ಆಗುತ್ತದೆ. ನೀಲಿ ಬೆಳಕು ಬಿಟ್ಟರೆ ಆ ಜಾಗ ಕೆಂಪಗೆ ಹೊಳೆಯುತ್ತದೆ. 2006ರಲ್ಲಿ ಪ್ರಕಟವಾದ ಜರ್ಮನಿಯ ಪರೀಕ್ಷೆಯಲ್ಲಿ, ಈ ಬೆಳಕು ಬಳಸಿದಾಗ 65% ರೋಗಿಗಳಲ್ಲಿ ಗಡ್ಡೆ ಪೂರ್ತಿ ಹೋಯಿತು. ಮಾಮೂಲಿ ಬೆಳಕಿನಲ್ಲಿ 36% ಮಾತ್ರ. ತುಂಬ ದೊಡ್ಡ ಲಾಭ ಇದು. ಆದರೆ ಪೂರ್ತಿ ಹೋಗಿದೆಯೇ ಎಂದು ನೋಡಿದ್ದು ಯಾವುದರಲ್ಲಿ? ಎಂಆರ್‌ಐಯಲ್ಲೇ. ಅಂಚಿನಲ್ಲಿ ಚದುರಿದ ಕೋಶಗಳು ಕೆಲವೊಮ್ಮೆ ಹೊಳೆಯುವುದೇ ಇಲ್ಲ. ಊದಿಕೊಂಡ ಆರೋಗ್ಯವಂತ ಅಂಗಾಂಶ ಹೊಳೆಯುವುದೂ ಉಂಟು. ಹಾಗಾಗಿ ಡಾಕ್ಟರು ಬರೆದುಕೊಟ್ಟ ಸ್ಕ್ಯಾನನ್ನು ದಯವಿಟ್ಟು ಮುಂದೂಡಬೇಡಿ.

ಪ್ರಶ್ನೆ: ಬೆಳಕಿನಿಂದಲೇ ಕ್ಯಾನ್ಸರ್ ಸಾಯಿಸುತ್ತಾರಲ್ಲ, ಮನೆಯಲ್ಲೇ ಕೆಂಪು ದೀಪ ಹಿಡಿದರೆ?

ಸುಮ್ನೆ ಚರ್ಮ ಬಿಸಿಯಾಗುತ್ತದೆ, ಅಷ್ಟೇ. ಕೋಶವನ್ನು ಕೊಲ್ಲಲು ಔಷಧ, ಅದಕ್ಕೆ ಹೊಂದುವ ಅಲೆಯುದ್ದದ ಬೆಳಕು, ಆಮ್ಲಜನಕ ಮೂರೂ ಬೇಕು. ಬರೀ ದೀಪ ಮಾರಿ ಕ್ಯಾನ್ಸರ್ ಗುಣವಾಗುತ್ತದೆ ಎನ್ನುವವರು ರೋಗಿಯ ಸಮಯ ಕದಿಯುವ ವಂಚಕರು. ಇನ್ನು ಔಷಧವೂ ಆಟಿಕೆಯಲ್ಲ. ಈ ಬೆಳಕಿನ ಚಿಕಿತ್ಸೆಗೆ ಕೊಡುವ ಫೋಟೋಫ್ರಿನ್ ತೆಗೆದುಕೊಂಡವರು ಕನಿಷ್ಠ 30 ದಿನ ಬಿಸಿಲಿನಿಂದ ದೂರ ಇರಬೇಕು, ಇಲ್ಲದಿದ್ದರೆ ಚರ್ಮ ಸುಡುತ್ತದೆ.

ಪ್ರಶ್ನೆ: ಹೊಳೆಯುವ ಅತಿ ಸಣ್ಣ ಕಣ ಕ್ವಾಂಟಮ್ ಡಾಟ್‌ಗೆ 2023ರಲ್ಲಿ ನೊಬೆಲ್ ಬಂತಲ್ಲ, ಅದನ್ನು ಯಾಕೆ ಚುಚ್ಚುವುದಿಲ್ಲ?

ಚೆನ್ನಾಗಿ ಹೊಳೆಯುವ ಹಲವು ಡಾಟ್‌ಗಳಲ್ಲಿ ಕ್ಯಾಡ್ಮಿಯಂ ಇದೆ. ಅದು ವಿಷ.

ಪ್ರಶ್ನೆ: ಇಂಡೋಸಯನೀನ್ ಗ್ರೀನ್ ದೇಹದಲ್ಲೇ ಉಳಿದುಬಿಡುತ್ತದೆಯೇ?

ಇಲ್ಲ, ಲಿವರ್ ಅದನ್ನು ಪಿತ್ತದ ಮೂಲಕ ಹೊರಹಾಕುತ್ತದೆ. ಆದರೆ ಅದರಲ್ಲಿ ಅಯೋಡೈಡ್ ಇರುತ್ತದೆ. ಅಯೋಡಿನ್ ಅಲರ್ಜಿ ಇದ್ದವರು ಚುಚ್ಚುವ ಮೊದಲೇ ಹೇಳಿ.