ಲೋಕಲ್ ಡಿಜೆ ಆಗಿ, ಜೊತೆಗೆ ಲೈವ್ ಶೋಗಳನ್ನೂ ಹಾಕ್ಕೊಂಡು ಜೀವನ ನಡೆಸೋಕಾಗುತ್ತಾ? ಈಗಿರೋ ಕೆಲ್ಸ ಬಿಡ್ಲಾ?

ಆಗುತ್ತೆ, ಆದ್ರೆ ನೀವು ಮನಸಲ್ಲಿ ಇಟ್ಕೊಂಡಿರೋ ಕೆಲ್ಸ ಇದ್ರಲ್ಲಿ ತುಂಬಾ ಕಡಿಮೆ. ನಾನು ಎರಡೂ ಮಾಡ್ತೀನಿ, ಡಿಜೆ ಕೆಲ್ಸಾನೂ, ಹಾಲ್ ಹಿಡಿದು ಬ್ಯಾಂಡ್ ಕರ್ಸಿ ಟಿಕೆಟ್ ಶೋ ಹಾಕೋದೂ. ಡಿಜೆ ದುಡ್ಡಲ್ಲಿ ಮನೆ ನಡಿಯುತ್ತೆ, ಶೋ ದುಡ್ಡು ಒಂದ್ಸಲ ಬರುತ್ತೆ ಇನ್ನೊಂದ್ಸಲ ಕೈ ಕಚ್ಚುತ್ತೆ, ಹಾಗಾಗಿ ಎರಡನ್ನೂ ಒಂದೇ ಅಕೌಂಟಲ್ಲಿ ಬೆರೆಸ್ಬೇಡಿ.

ಲೋಕಲ್ ಡಿಜೆಗೆ ಸಾಮಾನ್ಯವಾಗಿ ಸಿಗೋದು ಮೊದಲನೇ ಸ್ಲಾಟ್. ಬಾಗಿಲು ತೆಗೆದಾಗಿಂದ ಮೇನ್ ಆರ್ಟಿಸ್ಟ್ ಬರೋವರೆಗೆ, ಅರ್ಧ ಖಾಲಿ ಹಾಲ್. ಹೊಸಬ್ರು ಸಿಕ್ಕಿದ್ದೇ ಚಾನ್ಸು ಅಂತ ಎಲ್ಲಾ ಹಿಟ್ ಹಾಡು ಇಲ್ಲೇ ಖಾಲಿ ಮಾಡ್ತಾರೆ, ಮುಂದೆ ಬರೋರಿಗೆ ಏನೂ ಉಳಿಯಲ್ಲ, ಆ ಡಿಜೆನ ಮತ್ತೆ ಯಾರೂ ಕರೆಯಲ್ಲ. ಮೇನ್ ಸೆಟ್ 126 ಬಿಪಿಎಂ (ನಿಮಿಷಕ್ಕೆ ಇಷ್ಟು ಬೀಟ್) ಹೌಸ್ ಮ್ಯೂಸಿಕ್ ಅಂದ್ರೆ ನಾನು 116ರ ಆಸುಪಾಸಲ್ಲಿ ಶುರು ಮಾಡಿ ಮೆಲ್ಲಗೆ ಏರಿಸ್ತೀನಿ, ಮಿಕ್ಸರಲ್ಲಿ ಕೆಂಪು ಲೈಟ್ ಹತ್ತೋಕೆ ಬಿಡಲ್ಲ. ಹತ್ತಿದ್ರೆ ಸಿಗ್ನಲ್ ಕ್ಲಿಪ್ ಆಗುತ್ತೆ, ಮುಂದೆ ಸಿಸ್ಟಮ್‌ನಲ್ಲಿ ಸೌಂಡ್ ಒಂದು ಮಟ್ಟ ದಾಟದಂಗೆ ತಡೆಯೋ ಲಿಮಿಟರ್ ಇರೋದ್ರಿಂದ ಸೌಂಡ್ ಜೋರಾಗಲ್ಲ, ಒಡೆದು ಹೋಗುತ್ತೆ ಅಷ್ಟೇ.

ನಾನು ನೋಡೋದು ಫ್ಲೋರ್ ಮಧ್ಯೆ ಕುಣಿಯೋರನ್ನಲ್ಲ, ಗೋಡೆಗೆ ಒರಗಿ ನಿಂತೋರನ್ನ. ಮೊದಲು ತಲೆ ಅಲ್ಲಾಡುತ್ತೆ, ಆಮೇಲೆ ಹಿಮ್ಮಡಿ, ಕೊನೆಗೆ ಕೈಯಲ್ಲಿರೋ ಗ್ಲಾಸ್ ಇಡೋಕೆ ಜಾಗ ಹುಡುಕ್ತಾರೆ, ಗ್ಲಾಸ್ ಕೆಳಗಿಟ್ರು ಅಂದ್ರೆ ಆ ಹಾಡಿನ ಜಾತಿಯದ್ದೇ ಇನ್ನೆರಡು ಹಾಕ್ಬೋದು ಅಂತ ಅರ್ಥ. ಅಷ್ಟ್ರಲ್ಲಿ ಯಾರೋ ಒಬ್ರು ಫೋನ್ ಸ್ಕ್ರೀನ್ ಮುಖಕ್ಕೆ ಹಿಡಿದು ‘ಈ ಹಾಡು ಹಾಕಿ’ ಅಂತಾರೆ, ನಗ್ತಾ ತಲೆ ಆಡಿಸಿ ನಿಮ್ಮ ಕೆಲ್ಸ ನೀವು ಮಾಡಿ.

ಹಾಡು ತುಂಬಿದ ಪೆನ್‌ಡ್ರೈವ್ ಎರಡು ಇಟ್ಕೊಳ್ಳಿ, ಎರಡೂ ಫ್ಯಾಟ್32 ಫಾರ್ಮ್ಯಾಟಲ್ಲಿ. ಹಳೇ ಡಿಜೆ ಪ್ಲೇಯರ್‌ಗಳು ಎಕ್ಸ್‌ಫ್ಯಾಟ್, ಎನ್‌ಟಿಎಫ್‌ಎಸ್ ಥರದ ಫಾರ್ಮ್ಯಾಟ್ ಓದಲ್ಲ.

ಶೋ ಹಾಕೋದು ಪೂರ್ತಿ ಬೇರೆ ಲೋಕ. ಬ್ಯಾಂಡ್ ಜೊತೆ ಮುಖ್ಯವಾಗಿ ಎರಡು ಥರ ಡೀಲ್: ಒಂದು ಗ್ಯಾರಂಟಿ, ಜನ ಬರಲಿ ಬಿಡಲಿ ಇಷ್ಟು ಕೊಡ್ಬೇಕು, ಇನ್ನೊಂದು ಡೋರ್ ಡೀಲ್, ಟಿಕೆಟ್ ದುಡ್ಡಲ್ಲಿ ಖರ್ಚು ಕಳೆದು ಉಳಿದಿದ್ದನ್ನ 70-30 ಹಂಗೆ ಹಂಚ್ಕೊಳ್ಳೋದು. ಜಗಳ ಬರೋದು 70-30ರಲ್ಲಲ್ಲ, ‘ಖರ್ಚು’ ಅಂದ್ರೆ ಏನೇನು ಅನ್ನೋದ್ರಲ್ಲಿ. ಪೋಸ್ಟರ್ ಸೇರುತ್ತಾ, ಸೌಂಡ್ ಇಂಜಿನಿಯರ್ ಸೇರ್ತಾರಾ, ಫ್ರೀ ಗೆಸ್ಟ್ ಲಿಸ್ಟಲ್ಲಿ ಎಷ್ಟು ಜನ, ಇದನ್ನೆಲ್ಲ ಬಾಯಿಮಾತಲ್ಲಿ ಬಿಡದೆ ಒಂದು ಮೆಸೇಜಲ್ಲಾದ್ರೂ ಬರ್ಕೊಳ್ಳಿ. ನನಗೊಂದು ಸಲ ಒಬ್ಬ ಹಾಲ್ ಓನರ್ ಶೋ ಮುಗಿದ್ಮೇಲೆ ಕ್ಲೀನಿಂಗ್ ಚಾರ್ಜ್ ಅಂತ ಹೊಸ ಲೈನ್ ಸೇರಿಸಿದ್ರು, ಬರಹದಲ್ಲಿ ಏನೂ ಇರ್ಲಿಲ್ಲ, ಕೊಟ್ಟು ಬಂದೆ.

ಶೋ ದಿನದ ಕೆಲ್ಸ ಅಂದ್ರೆ ಬರೀ ಹಮಾಲಿ ಮತ್ತೆ ಗಡಿಯಾರ. ಮೂರು ಬ್ಯಾಂಡ್ ಇದ್ರೆ ಡ್ರಮ್ ಕಿಟ್, ಬಾಸ್ ಆಂಪ್ ಒಂದೇ ಇಟ್ಟು ಎಲ್ರೂ ಹಂಚ್ಕೋಬೇಕು, ಸ್ನೇರ್, ಸಿಂಬಲ್, ಪೆಡಲ್ ಮಾತ್ರ ಡ್ರಮ್ಮರ್ ಅವ್ರವ್ರದ್ದೇ ತರ್ತಾರೆ. ಸೌಂಡ್‌ಚೆಕ್, ಅಂದ್ರೆ ಶೋಗೆ ಮುಂಚೆ ಸೌಂಡ್ ಹೊಂದಿಸೋದು, ಉಲ್ಟಾ ಕ್ರಮದಲ್ಲಿ, ಕೊನೇಲಿ ನುಡಿಸೋರು ಮೊದಲು, ಮೊದಲು ನುಡಿಸೋರು ಕೊನೇಗೆ, ಆಗ ಅವರ ಸೆಟಪ್ ಸ್ಟೇಜ್ ಮೇಲೆ ಹಂಗೇ ಉಳಿಯುತ್ತೆ. ಖಾಲಿ ಹಾಲಲ್ಲಿ ಸೌಂಡ್ ಕರ್ಕಶ ಅನ್ಸಿದ್ರೆ ಗಾಬರಿ ಬೇಡ, ಜನ ತುಂಬಿದ್ಮೇಲೆ ಅವರ ಮೈ, ಬಟ್ಟೆ ಎಲ್ಲಾ ಸೇರಿ ಹೈ ಫ್ರೀಕ್ವೆನ್ಸಿ ಹೀರ್ಕೊಳ್ಳುತ್ತೆ.

ಕಿವಿ ಬಗ್ಗೆ ಮಾತ್ರ ನಾನು ಸ್ವಲ್ಪ ಬೈಯೋ ಧಾಟೀಲೇ ಹೇಳ್ತೀನಿ. 85 ಡೆಸಿಬಲ್‌ಗೆ 8 ಗಂಟೆ ಅನ್ನೋ ಲಿಮಿಟ್ ಇದೆಯಲ್ಲ, ಪ್ರತಿ 3 ಡೆಸಿಬಲ್‌ಗೆ ಅದು ಅರ್ಧ ಆಗ್ತಾ ಹೋಗಿ 100 ಡೆಸಿಬಲ್‌ಗೆ ಬರೀ 15 ನಿಮಿಷ ಉಳಿಯುತ್ತೆ, ನಾವು ರಾತ್ರಿ ಪೂರ್ತಿ ಸ್ಪೀಕರ್ ಪಕ್ಕದಲ್ಲೇ ಇರೋರು. ಫಿಲ್ಟರ್ ಇರೋ ಇಯರ್‌ಪ್ಲಗ್ ತಗೊಳ್ಳಿ, ಹೊಸ ಡಿಜೆ ಕಂಟ್ರೋಲರ್ ಆಮೇಲೆ.

ಈಗಿರೋ ಕೆಲ್ಸ ಬಿಡ್ಲಾ ಅಂತಾನೂ ಕೇಳಿದೀರ. ಈಗ್ಲೇ ಬೇಡ. ನನ್ನ ಲೆಕ್ಕ ಹೀಗೆ: ಹಾಲ್ ಅರ್ಧ ತುಂಬಿದ್ರೂ ಖರ್ಚು ಗಿಟ್ಟುತ್ತೆ ಅನ್ನೋ ಶೋ ಮಾತ್ರ ಹಾಕೋದು, ಪೂರ್ತಿ ತುಂಬಿದ್ರೇನೇ ಗಿಟ್ಟೋದಾದ್ರೆ ಬ್ಯಾಂಡ್ ಎಷ್ಟೇ ಇಷ್ಟ ಆದ್ರೂ ಸಣ್ಣ ಹಾಲ್ ಹುಡುಕೋದು. ನೀವು ನುಡಿಸೋ ರಾತ್ರಿ ಡೋರ್ ಲೆಕ್ಕ ಬೇರೆಯೋರ ಕೈಗೆ ಕೊಡಿ, ಇಲ್ಲಾಂದ್ರೆ ಹೆಡ್‌ಫೋನ್ ಹಾಕ್ಕೊಂಡು ತಲೆ ಎಣಿಸ್ತಾ ಕೂತಿರ್ತೀರ.